ಮೊಲಕ್ಕೆ ಊರು ಸಿಕ್ಕಿತು, ನಾಯಿಗೆ?

ಚಿಕ್ಕಬಳ್ಳಾಪುರ ಹುಟ್ಟಿದ ಕಥೆ ಶುರುವಾಗುವುದು ನಾಯಿಗಳಿಂದ. ಆವತಿಯ ಪಾಳೆಯಗಾರ ಮಲ್ಲಬೈರೇಗೌಡನ ಮಗ ಮರಿಗೌಡ ಕೋಡಿಮಂಚನಹಳ್ಳಿಯ ಕಾಡಿಗೆ ಬೇಟೆಗೆ ಹೋಗುತ್ತಾನೆ. ಬೇಟೆನಾಯಿಗಳು ಒಂದು ಮೊಲವನ್ನು ಎಬ್ಬಿಸುತ್ತವೆ. ಮೊಲ ಓಡುವುದಿಲ್ಲ, ನಾಯಿಗಳಿಗೆ ಎದುರಾಗಿ ನಿಲ್ಲುತ್ತದೆ. ಇದು ಸಾಮಾನ್ಯ ನೆಲವಲ್ಲ ಎಂದು ಗೌಡರಿಗೆ ಅನಿಸುತ್ತದೆ. ವಿಜಯನಗರದ ಅರಸರ ಒಪ್ಪಿಗೆ ಪಡೆದು ಅಲ್ಲಿ ಕೋಟೆ ಕಟ್ಟುತ್ತಾರೆ, ಊರು ಕಟ್ಟುತ್ತಾರೆ. ಇಸವಿ 1479 ಎಂದು ವಾಡಿಕೆ. ಊರಿನ ಪರಿಚಯ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಕೋಟೆ ಎದ್ದ ಮೇಲೆ ಮೊಲಕ್ಕೆ ಕೀರ್ತಿ ಸಿಗುತ್ತದೆ, ಗೌಡರಿಗೆ ಊರು ಸಿಗುತ್ತದೆ. ನಾಯಿಗಳು ಎಲ್ಲಿ ಹೋದವು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಕಥೆ ಚಿಕ್ಕಬಳ್ಳಾಪುರದ ಸ್ವಂತ ಆಸ್ತಿಯಲ್ಲ. ಹಕ್ಕ ಬುಕ್ಕರು ವಿಜಯನಗರ ಕಟ್ಟಿದ್ದಕ್ಕೂ ಇದೇ ಕಥೆ. ಕೆಂಪೇಗೌಡ ಬೆಂಗಳೂರಿನ ಜಾಗ ಆರಿಸಿಕೊಂಡದ್ದಕ್ಕೂ ಇದೇ. ಅಹಮದ್ ಶಾ 1411ರಲ್ಲಿ ಅಹಮದಾಬಾದ್ ಕಟ್ಟಿದ್ದಕ್ಕೂ ಗುಜರಾತಿನಲ್ಲಿ ನಾಯಿಯ ಮೇಲೆ ತಿರುಗಿಬಿದ್ದ ಮೊಲದ ಕಥೆಯನ್ನೇ ಹೇಳುತ್ತಾರೆ. ಇಷ್ಟು ಊರುಗಳಲ್ಲಿ ಒಂದೇ ಮೊಲ ನಿಂತಿರುವುದರಿಂದ ಇದನ್ನು ಘಟನೆ ಎಂದು ಓದಲಾಗುವುದಿಲ್ಲ, ಒಂದು ಆಶಯ ಎಂದೇ ಓದಬೇಕು. ಜಾನಪದ ಓದಿದವರಿಗೆ ಇದು ಹೊಸ ಮಾತಲ್ಲ. ಆದರೆ ಆಶಯ ಎಂದು ಗುರುತಿಸಿದ ಕೂಡಲೇ ವಿಮರ್ಶೆ ಮುಗಿಯಬಾರದು. ಈ ಆಶಯ ನೆಲವನ್ನು ಹೇಗೆ ಓದುತ್ತದೆ, ಯಾರನ್ನು ಕಾಣುತ್ತದೆ, ಯಾರನ್ನು ಬಿಡುತ್ತದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಸಂಜೆ ಹೊತ್ತು ನಾಯಿಯನ್ನು ವಾಕಿಂಗ್‌ಗೆ ಕರೆದುಕೊಂಡು ಹೋಗುವ ಯಾರಿಗಾದರೂ ಈ ಪ್ರಶ್ನೆ ಏಳಬಹುದು. ಸಂಶೋಧನೆಯ ಓದು ಮುಗಿಸಿ ಸಂಜೆ ಆರಕ್ಕೆ ಹಗ್ಗ ಕೈಗೆ ತೆಗೆದುಕೊಳ್ಳುವ ನನಗೆ ಎದ್ದದ್ದೂ ಹೀಗೆಯೇ. ನನ್ನ ವಾದ ಇಷ್ಟು. ನಮ್ಮ ಸ್ಥಳೀಯ ಚರಿತ್ರೆಯ ಬರವಣಿಗೆ ಬೇಟೆಗಾರನ ಕಣ್ಣನ್ನು ಪಡೆದುಕೊಂಡಿದೆ, ನಾಯಿಯ ಮೂಗನ್ನು ಪಡೆದುಕೊಂಡಿಲ್ಲ. ಬೇಟೆಗಾರ ಒಂದು ಸಲ ಬರುತ್ತಾನೆ, ಒಂದು ಅದ್ಭುತ ಕಾಣುತ್ತಾನೆ, ಕೋಟೆ ಕಟ್ಟುತ್ತಾನೆ. ನಾಯಿ ದಿನವೂ ಅದೇ ಬೀದಿಗೆ ಬರುತ್ತದೆ, ಅದೇ ಕಲ್ಲಿನ ಬಳಿ ನಿಲ್ಲುತ್ತದೆ, ನಿನ್ನೆಯಿಂದ ಇಂದಿಗೆ ಯಾರು ಹಾದುಹೋದರು ಎಂದು ಮೂಸಿ ತಿಳಿಯುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ಊರುಗಳ ಚರಿತ್ರೆಗೆ ಈ ಎರಡನೆಯ ಓದು ಹೆಚ್ಚು ಒಗ್ಗುತ್ತದೆ.

ಮೊದಲು ಆ ಮೊಲದ ಕಥೆಗೇ ಮರಳೋಣ. ಕಥೆ ನಡೆಯುವ ಜಾಗವನ್ನು ಕಾಡು ಎನ್ನುತ್ತಾರೆ. ಕಾಡಿನ ಹೆಸರು ಮಾತ್ರ ಕೋಡಿಮಂಚನಹಳ್ಳಿ. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ. ಕೋಡಿ ಇರಬೇಕಾದರೆ ಕೆರೆ ಇರಬೇಕು, ಕೆರೆ ಇರಬೇಕಾದರೆ ಏರಿ ಹಾಕಿದವರು, ಮಣ್ಣು ಹೊತ್ತವರು, ತೂಬು ಕಾಯ್ದವರು ಇರಬೇಕು. ಮಂಚನಹಳ್ಳಿ ಎಂಬಲ್ಲಿ ಹಳ್ಳಿಯೂ ಇದೆ, ಯಾರೋ ಒಬ್ಬನ ಹೆಸರಿನಂತೆ ಕೇಳಿಸುವ ಮಾತೂ ಇದೆ. ಹೆಸರು ಆಮೇಲೆ ಕಥೆಗೆ ಸೇರಿರಬಹುದು ಎಂದು ವಾದಿಸಬಹುದು. ಸೇರಿದ್ದರೂ ಕಥೆ ಹೇಳುವವರಿಗೆ ಅದರಲ್ಲಿ ತೊಡಕು ಕಂಡಿಲ್ಲ ಎಂಬುದು ಮುಖ್ಯ. ಕಥೆ ಕಾಡು ಎನ್ನುತ್ತದೆ, ಹೆಸರು ಹಳ್ಳಿ ಎನ್ನುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಥೆಯ ಇನ್ನೊಂದು ಮಾತಿನಲ್ಲಿದೆ. ಬೆಂಗಳೂರು, ವಿಜಯನಗರದ ಕಥೆಗಳಲ್ಲಿ ಮೊಲದ ಧೈರ್ಯಕ್ಕೆ ಕಾರಣ ಮಣ್ಣಿನ ಗುಣ. ಅದಕ್ಕೇ ಆ ನೆಲವನ್ನು ಗಂಡುಭೂಮಿ ಎಂದು ಕರೆಯುತ್ತೇವೆ. ಚಿಕ್ಕಬಳ್ಳಾಪುರದ ಕಥೆಯನ್ನು ಹೇಳುವ ಒಂದು ಬಗೆಯಲ್ಲಿ ಕಾರಣ ಬೇರೆ: ಇಲ್ಲಿನ ಜನರ ಧೈರ್ಯವೇ ಮೊಲಕ್ಕೂ ಬಂದಿದೆ. ಅಂದರೆ ಊರು ಹುಟ್ಟುವ ಮೊದಲೇ ಇಲ್ಲಿ ಧೈರ್ಯವಂತ ಜನ ಇದ್ದರು ಎಂದು ಕಥೆಯೇ ಒಪ್ಪಿಕೊಂಡಿತು! ಅವರು ಯಾರು, ಯಾವ ಕುಲದವರು, ಏನು ಬೆಳೆಯುತ್ತಿದ್ದರು ಎಂದು ಹೇಳುವ ತಾಳ್ಮೆ ಮಾತ್ರ ಅದಕ್ಕಿಲ್ಲ. ಊರಿಗೆ ಅತಿ ಹತ್ತಿರದ ನಂದಿಯಲ್ಲಿರುವ ಭೋಗನಂದೀಶ್ವರ ದೇವಾಲಯದ ಚರಿತ್ರೆ 9ನೇ ಶತಮಾನದ ಆದಿಗೆ ಹೋಗುತ್ತದೆ. ಬಾಣರು, ನೊಳಂಬರು, ಚೋಳರು ಇಲ್ಲಿ ಕೆಲಸ ಮಾಡಿಸಿದ್ದಾರೆ. 1479ಕ್ಕೆ ಅದು ಆಗಲೇ ಆರು ಶತಮಾನಗಳ ಹಳೆಯ ಗುಡಿ. ಸ್ಥಾಪನೆಯ ಕಥೆಗೆ ಖಾಲಿ ನೆಲ ಬೇಕು, ಖಾಲಿ ನೆಲ ಇಲ್ಲದಿದ್ದರೆ ಅದು ಕಾಡನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಕಥೆಯ ರಚನೆಯಲ್ಲಿ ನಾಯಿಯ ಪಾಡೇನು? ನಾಯಿ ಸೋಲಬೇಕು. ನಾಯಿ ಗೆದ್ದಿದ್ದರೆ ಮೊಲ ಸತ್ತು, ಸಂಜೆ ಊಟವಾಗಿ, ಊರು ಹುಟ್ಟುತ್ತಿರಲಿಲ್ಲ. ಜಾಗವನ್ನು ಮೊದಲು ಮುಟ್ಟಿದ್ದು ನಾಯಿಯ ಮೂಗು, ಮೊಲವನ್ನು ಎಬ್ಬಿಸಿದ್ದೂ ಅದೇ. ಆದರೆ ಕಂಡುಹಿಡಿದವನ ಪಟ್ಟ ಕುದುರೆಯ ಮೇಲಿದ್ದವನಿಗೆ. ಇಲ್ಲಿ ಇನ್ನೊಂದು ವಿಚಿತ್ರವಿದೆ. ಆವತಿಯ ಗೌಡರ ಹೆಸರಿನಲ್ಲಿರುವ ಬೈರ ಎಂದರೆ ಭೈರವ. ಭೈರವನ ವಾಹನ ನಾಯಿ. ಹೆಸರಿನಲ್ಲಿ ನಾಯಿಯ ಒಡೆಯನನ್ನು ಹೊತ್ತ ಮನೆತನದ ಕಥೆಯಲ್ಲೇ ನಾಯಿ ಸೋತ ಪ್ರಾಣಿಯಾಗಿ ಉಳಿಯಿತು.

ಕನ್ನಡ ನಾಡಿನಲ್ಲಿ ನಾಯಿಯನ್ನು ಯಾವಾಗಲೂ ಹೀಗೆ ಮರೆತದ್ದುಂಟೆ? ಇಲ್ಲ. ಇದಕ್ಕೆ ಎದುರಾಗಿ ನಿಲ್ಲುವ ಒಂದು ಕಲ್ಲು ನಮ್ಮಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕಾಲ ಸುಮಾರು ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಕಾದಿದ ಬೂತುಗನ ಬಂಟ ಮಣಲೆರನಿಗೆ ಏನು ಬೇಕೋ ಕೇಳು ಎಂದರೆ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಗುಡಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಎಂದು ಕಟ್ಟಳೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಕೊರೆದಿರುವುದು ರಾಜನ ಚಿತ್ರವಲ್ಲ, ಹಂದಿಯ ಮೇಲೆ ಬಿದ್ದ ನಾಯಿಯ ಚಿತ್ರ.

ಆತಕೂರಿನ ಶಾಸನವನ್ನು ಚರಿತ್ರೆಕಾರರು ಹೆಚ್ಚಾಗಿ ತಕ್ಕೋಲದ ಯುದ್ಧಕ್ಕಾಗಿ ಉಲ್ಲೇಖಿಸುತ್ತಾರೆ, ನಾಯಿ ಒಂದು ಸ್ವಾರಸ್ಯವಾಗಿ ಕೊನೆಗೆ ಬರುತ್ತದೆ. ಆದರೆ ಕಲ್ಲು ನಿಂತದ್ದು ನಾಯಿಗಾಗಿ. ಯುದ್ಧದ ಸುದ್ದಿ ಅದರ ಜೊತೆ ಬಂದದ್ದು. ಇದನ್ನು ತಲೆಕೆಳಗು ಮಾಡಿ ಓದುವುದೇ ನಾನು ಹೇಳಿದ ಬೇಟೆಗಾರನ ಕಣ್ಣು. ಮೊಲದ ಕಥೆಯಲ್ಲಿ ನಾಯಿಯ ಸೋಲಿನಿಂದ ಕೋಟೆ ಎದ್ದರೆ, ಆತಕೂರಿನಲ್ಲಿ ನಾಯಿಯ ಸಾವಿನಿಂದ ಒಂದು ಸಾಮ್ರಾಜ್ಯದ ಯುದ್ಧದ ವಿವರ ನಮಗೆ ಉಳಿದುಬಂತು. ಸಣ್ಣದನ್ನು ಗೌರವಿಸಿದ್ದರಿಂದ ದೊಡ್ಡದು ಉಳಿಯಿತು. ಸ್ಥಳೀಯ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ನಾಯಿಯ ಜೊತೆ ನಡೆಯುತ್ತ ನಾಡನ್ನು ಓದಿದ ಅತಿ ದೊಡ್ಡ ಕನ್ನಡ ಕೃತಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಪ್ರಕಟವಾದದ್ದು 1967ರಲ್ಲಿ. ಕಾದಂಬರಿಯ ದಾರಿಗಳನ್ನು ನಮಗೆ ಮೊದಲು ತೋರಿಸುವವನು ಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಗುತ್ತಿ ಜೀತದಾಳು, ಹೊಲೆಯ. ಅವನನ್ನು ಜನ ಕರೆಯುವುದೇ ನಾಯಿಗುತ್ತಿ ಎಂದು. ಆ ಕಾಲದ ಮಲೆನಾಡಿನಲ್ಲಿ ಅವನಿಗೆ ಹೆಗ್ಗಡೆಯರ ಮನೆಯ ಒಳಗೆ ಪ್ರವೇಶವಿಲ್ಲ, ಆದರೆ ಎಲ್ಲ ಮನೆಗಳ ಅಂಗಳದವರೆಗೂ ಅವನ ದಾರಿ ಹೋಗುತ್ತದೆ. ಆದ್ದರಿಂದಲೇ ಆ ಸೀಮೆಯ ಸಮಗ್ರ ನಕ್ಷೆ ಅವನ ಕಾಲಲ್ಲಿದೆ, ಯಾವ ಹೆಗ್ಗಡೆಯ ತಲೆಯಲ್ಲೂ ಇಲ್ಲ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆ ಹುಲಿಯನನ್ನು ಕೊಚ್ಚಿಕೊಂಡು ಹೋಗುತ್ತದೆ. ಹುಲಿಯನ ಸಾವಿಗೆ ಅತ್ತ ಓದುಗರು ಎಷ್ಟೋ ಮಂದಿ. ಆ ಅಳುವಿನ ಹಿಂದೆ ಒಂದು ತಿಳಿವಳಿಕೆಯೂ ಇದೆ: ಕಾದಂಬರಿಯ ಉದ್ದಕ್ಕೂ ನಮ್ಮ ಜೊತೆ ನಡೆದದ್ದು ಆ ನಾಯಿ. ತೇಜಸ್ವಿಯವರ ‘ಕರ್ವಾಲೊ’ದ ಕಿವಿ ಈ ಹುಲಿಯನ ಮುಂದಿನ ತಲೆಮಾರು, ಅದೂ ಕಾಡಿನ ಓದಿನಲ್ಲಿ ಪಾಲುದಾರ.

ಮಲೆನಾಡಿಗೆ ಹುಲಿಯ, ಕಿವಿ ಸಿಕ್ಕಿದರು. ನಮ್ಮ ಬಯಲುಸೀಮೆಯ ಈ ತಾಲ್ಲೂಕುಗಳಿಗೆ ಸಿಕ್ಕಿದ್ದು ಬೇರೆ ರೀತಿಯ ನಡಿಗೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ಎರಡು ದಿನ ನಡೆದುಕೊಂಡು ಹೋದದ್ದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಅವರು ತಮ್ಮ ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಈ ಸೀಮೆಯಿಂದ ಹೊರಟ ಪ್ರತಿಭಾವಂತರ ನಡಿಗೆ ಬಹಳ ಸಲ ಹೀಗೆ: ಊರು ಬಿಟ್ಟು ಹೋಗುವ ನಡಿಗೆ. ಅದರಲ್ಲಿ ಬೀದಿ ಹಿಂದಕ್ಕೆ ಸರಿಯುತ್ತದೆ, ಗುರಿ ಮುಂದಿರುತ್ತದೆ. ನಾಯಿಯೊಡನೆ ಹೋಗುವ ಸಂಜೆಯ ನಡಿಗೆಗೆ ಗುರಿಯೇ ಇಲ್ಲ. ಹೊರಟಲ್ಲಿಗೇ ತಿರುಗಿ ಬರಬೇಕು, ನಾಳೆ ಮತ್ತೆ ಹೊರಡಬೇಕು. ಊರಲ್ಲೇ ಉಳಿದವರ ಚರಿತ್ರೆ ಬರೆಯಲು ತಿರುಗಿ ಬರುವ ಈ ನಡಿಗೆ ಬೇಕು.

ಇಲ್ಲಿ ನಮ್ಮ ಭಾಷೆಯ ಒಂದು ಚಟವನ್ನೂ ನೋಡಬೇಕು. ದುಡ್ಡು ಕೊಟ್ಟು ತಂದ ನಾಯಿಯನ್ನು ನಾವು ಜಾತಿ ನಾಯಿ ಎನ್ನುತ್ತೇವೆ. ಊರಿನದೇ ನಾಯಿಯನ್ನು ಕಂತ್ರಿ ನಾಯಿ ಎನ್ನುತ್ತೇವೆ. ಕಂತ್ರಿ ಎಂಬುದು ಇಂಗ್ಲಿಷಿನ ಕಂಟ್ರಿ, ಅಂದರೆ ನಾಡಿನದು, ಹಳ್ಳಿಯದು. ಇಲ್ಲೇ ಹುಟ್ಟಿದ್ದು ಎಂಬುದನ್ನೇ ನಾವು ಪರಭಾಷೆಯಿಂದ ಎರವಲು ತಂದ ಬೈಗುಳ ಮಾಡಿಕೊಂಡೆವು. ಸ್ಥಳೀಯ ಚರಿತ್ರೆಗೂ ವಿದ್ಯಾಲೋಕದಲ್ಲಿ ಹೆಚ್ಚುಕಡಿಮೆ ಇದೇ ಸ್ಥಾನ. ರಾಜವಂಶದ ಮೇಲೆ ಬರೆದರೆ ಅದು ಜಾತಿ ಸಂಶೋಧನೆ, ತನ್ನ ಬೀದಿಯ ಮೇಲೆ ಬರೆದರೆ ಅದು ಕಂತ್ರಿ. ನಿವೃತ್ತ ಮೇಷ್ಟರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಊರಿನ ಪುಸ್ತಕಗಳು ಗ್ರಂಥಋಣದ ಪಟ್ಟಿಯಲ್ಲಿ ಕೊನೆಗೆ ಬರುತ್ತವೆ, ಕೆಲವೊಮ್ಮೆ ಬರುವುದೂ ಇಲ್ಲ.

ಈ ಮಾತಿಗೆ ಒಂದು ದೊಡ್ಡ ಅಪವಾದವಿದೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ 1905ರಲ್ಲಿ ಹೊರತಂದ 10ನೆಯ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಈ ನಾಲ್ಕೂ ಊರುಗಳು ಕೋಲಾರ ಜಿಲ್ಲೆಯವೇ. ಆ ಸಂಪುಟದಲ್ಲಿ ತಾಲ್ಲೂಕಿಗೊಂದು ಭಾಗ, ಊರಿನ ಹೆಸರಿನ ಕೆಳಗೆ ಕಲ್ಲಿನ ಸಂಖ್ಯೆ. ಕನ್ನಡ, ತೆಲುಗು, ತಮಿಳು ಮೂರೂ ಭಾಷೆಯ ಕಲ್ಲುಗಳು ಅಲ್ಲಿವೆ. ವಿದ್ವಾಂಸರು ಸಾಮಾನ್ಯವಾಗಿ ನೇರವಾಗಿ ಪಾಠಕ್ಕೆ ಹೋಗುತ್ತಾರೆ: ಯಾವ ರಾಜ, ಯಾವ ಶಕ, ಯಾವ ದಾನ. ನಡೆಯುವವರಿಗೆ ಅದಕ್ಕಿಂತ ಮೇಲಿರುವ ಒಂದು ಸಾಲು ಮುಖ್ಯ. ಕಲ್ಲು ಎಲ್ಲಿದೆ ಎಂದು ಹೇಳುವ ಸಾಲು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಊರಿನ ಉತ್ತರಕ್ಕೆ, ಇಂಥವರ ಹೊಲದಲ್ಲಿ. ಆ ಹೊಲ ಈಗ ಬಡಾವಣೆಯಾಗಿರಬಹುದು, ಊರಿನ ಉತ್ತರ ಈಗ ಊರಿನ ನಡುವೆ ಬಂದಿರಬಹುದು. ಸಂಪುಟ ಕಲ್ಲಿನ ಮಾತನ್ನು ಉಳಿಸಿದೆ, ಕಲ್ಲನ್ನು ಉಳಿಸುವ ಕೆಲಸ ಬೀದಿಯವರದು.

ಬೀದಿಯವರಿಗೆ ಆ ಕಲ್ಲು ಏನು? ನಾನು ಹೋಗುವ ದಾರಿಯಲ್ಲಿ, ಚರಂಡಿಯ ಪಕ್ಕ ಮುಕ್ಕಾಲು ಹೂತ ಒಂದು ಕಲ್ಲಿದೆ. ಸವೆದ ಗಂಡಾಳು, ಕೈಯಲ್ಲಿ ಬಿಲ್ಲು, ಕೆಳಗೆ ದನಗಳ ಗುರುತು ಮಣ್ಣಿನಲ್ಲಿ ಮುಚ್ಚಿದೆ. ಅಕ್ಷರ ಕಾಣುವುದಿಲ್ಲ. ಕೆಂಚ, ಅಂದರೆ ನನ್ನ ನಾಯಿ, ಅಲ್ಲಿ ದಿನವೂ ನಿಂತು ಮೂಸದೆ ಮುಂದೆ ಹೋಗುವುದಿಲ್ಲ. ಕಾಲೆತ್ತಲು ಹೋದಾಗ ಎದುರು ಮನೆಯ ಅಜ್ಜಿ ಗದರಿದರು. ಗದರಿದ್ದು ತೆಲುಗಿನಲ್ಲಿ. ಅದು ಕಲ್ಲಲ್ಲ, ನಮ್ಮವನು, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನು ಎಂದರು. ತುರುಗಾಳಗದ ವೀರಗಲ್ಲಿಗೆ ಪಠ್ಯಪುಸ್ತಕ ಕೊಡುವ ವಿವರಣೆಯೂ ಇಷ್ಟೇ. ಆದರೆ ಪುಸ್ತಕದಲ್ಲಿ ಅವನು ಒಬ್ಬ ವೀರ, ಅಜ್ಜಿಯ ಬಾಯಲ್ಲಿ ನಮ್ಮವನು. ಸಾವಿರ ವರ್ಷದ ಹಿಂದಿನ ಸಾವಿಗೆ ಒಂದು ಸರ್ವನಾಮ ಇನ್ನೂ ಅಂಟಿಕೊಂಡಿದೆ.

ಅಜ್ಜಿಯ ತೆಲುಗಿನ ಬಗ್ಗೆ ಎರಡು ಮಾತು ಹೇಳಬೇಕು. ಚಿಂತಾಮಣಿಯ ಕಡೆ ಊರ ಹೆಸರುಗಳು ಹಳ್ಳಿಯಿಂದ ಪಲ್ಲಿಗೆ ಸಲೀಸಾಗಿ ಜಾರುತ್ತವೆ. ಊರಿನ ಹೆಸರು ಮರಾಠ ಸರದಾರ ಚಿಂತಾಮಣಿರಾವ್‌ನಿಂದ ಬಂತು ಎನ್ನುತ್ತಾರೆ, ಕೆರೆಯ ಹೆಸರು ಕನ್ನಂಪಲ್ಲಿ, ಕಚೇರಿಯ ಭಾಷೆ ಕನ್ನಡ. ಪಕ್ಕದ ಕೈವಾರದ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಇಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಪುಸ್ತಕದಲ್ಲಿ ಕನ್ನಡ. ನಾಯಿಗೂ ಎರಡೂ ಭಾಷೆಯ ಬೈಗುಳ ತಿಳಿಯುತ್ತದೆ. ಸ್ಥಳೀಯ ಚರಿತ್ರೆ ಬರೆಯುವವರು ಅಜ್ಜಿಯ ಮಾತನ್ನು ಕೇಳಿ, ಮನೆಗೆ ಬಂದು ಶಿಷ್ಟ ಕನ್ನಡಕ್ಕೆ ತರುತ್ತಾರೆ. ಆ ದಾರಿಯಲ್ಲಿ ನಮ್ಮವನು ಎಂಬುದು ವೀರನೊಬ್ಬನು ಎಂದಾಗಿಬಿಡುತ್ತದೆ. ಗಡಿ ತಾಲ್ಲೂಕುಗಳ ಚರಿತ್ರೆಯನ್ನು ಒಂದೇ ಭಾಷೆಯ ಗೆಲುವಿನ ಕಥೆಯಾಗಿ ಬರೆದರೆ ಕಲ್ಲಿನ ನಂಟು ಉಳಿದಿರುವ ಬಾಯಿಗಳನ್ನೇ ಮುಚ್ಚಿದಂತಾಗುತ್ತದೆ.

ಕೆಲವು ಚರಿತ್ರೆ ಕಲ್ಲಿನಲ್ಲಿಲ್ಲ, ಗಾಳಿಯಲ್ಲಿದೆ. ಶಿಡ್ಲಘಟ್ಟಕ್ಕೆ ಹೋದವರಿಗೆ ಇದು ಗೊತ್ತು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಈ ಊರಿನ ಕೆಲವು ಬೀದಿಗಳಲ್ಲಿ ಗೂಡು ಬೇಯಿಸಿದ ನೀರಿನ, ಹುಳುವಿನ ವಾಸನೆ ಸಂಜೆಗೂ ನಿಂತಿರುತ್ತದೆ. ಮನುಷ್ಯರು ಮೂಗು ಮುಚ್ಚಿಕೊಂಡು ಹೋಗುವ ಕಡೆ ನಾಯಿ ಹಗ್ಗ ಎಳೆದು ನಿಲ್ಲುತ್ತದೆ. ಮೈಸೂರು ಸೀಮೆಗೆ ರೇಷ್ಮೆ ತಂದವನು ಟಿಪ್ಪು ಎಂದು ಓದುತ್ತೇವೆ. ಅದು ನಿಜವೇ. ಆದರೆ ಬೀದಿಯ ಚರಿತ್ರೆ ಟಿಪ್ಪುವಿನಲ್ಲಿ ಮುಗಿಯುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕತ್ತರಿಸಿದವರು, ಗೋಡೆಗೆ ಒರಗಿಸಿದ ಚಂದ್ರಿಕೆಗಳಿಂದ ಗೂಡು ಬಿಡಿಸಿದವರು, ಬಿಸಿನೀರಿನಲ್ಲಿ ಬೆರಳು ಅದ್ದಿ ಎಳೆ ಹುಡುಕಿದವರು, ಚರಕ ತಿರುಗಿಸಿದವರು. ಇವರಲ್ಲಿ ಬಹಳ ಮಂದಿ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು. ಅವರ ಬೆರಳಿನ ಬೊಬ್ಬೆಗೆ ಶಾಸನವಿಲ್ಲ. ಚರಕ ಹೋಗಿ ಯಂತ್ರ ಬಂದ ಮನೆಯಲ್ಲಿ ವಾಸನೆ ಬದಲಾಗುತ್ತದೆ, ಘಟಕ ಮುಚ್ಚಿದ ಮನೆಯಲ್ಲಿ ವಾಸನೆ ನಿಲ್ಲುತ್ತದೆ. ಯಾವ ಬಾಗಿಲ ಮುಂದೆ ನಾಯಿ ಈಗ ನಿಲ್ಲುವುದಿಲ್ಲ ಎಂದು ಗಮನಿಸಿದರೆ ಒಂದು ಉದ್ಯಮದ ಏರಿಳಿತ ತಿಳಿಯುತ್ತದೆ.

ಸಂಜೆಯ ನಡಿಗೆಗೆ ನಮ್ಮ ಊರುಗಳಲ್ಲಿ ಇರುವ ತೆರಪಾದ ಜಾಗ ಕೆರೆಯ ಏರಿ. ಚಿಕ್ಕಬಳ್ಳಾಪುರದ ಕಂದವಾರದ ಕೆರೆ, ಶಿಡ್ಲಘಟ್ಟದ ಗೌಡನ ಕೆರೆ, ಅಮ್ಮನ ಕೆರೆ. ಬರ ಬಿದ್ದ ವರ್ಷಗಳಲ್ಲಿ ಜಾಲಿ ಬೆಳೆದು ನಿಂತಿದ್ದ ಈ ಸೀಮೆಯ ಎಷ್ಟೋ ಕೆರೆಗಳಿಗೆ ಈಗ ನೀರು ಬರುತ್ತಿದೆ. ಮಳೆಯದಲ್ಲ, ಬೆಂಗಳೂರಿನದು. ಎಚ್.ಎನ್. ವ್ಯಾಲಿ ಯೋಜನೆ ಹೆಬ್ಬಾಳ, ನಾಗವಾರದ ಕಡೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಇಲ್ಲಿಗೆ ಹರಿಸುತ್ತದೆ; ಮೂರನೆಯ ಹಂತವೂ ಆಗಬೇಕು ಎಂಬುದು ಇಲ್ಲಿನ ನೀರಾವರಿ ಹೋರಾಟಗಾರರ ಬೇಡಿಕೆ. ಹಿಂದೆ ಈ ಸೀಮೆಯ ಹುಡುಗರು ನಡೆದು ಬೆಂಗಳೂರಿಗೆ ಹೋದರು, ಈಗ ಬೆಂಗಳೂರಿನ ಬಚ್ಚಲು ನೀರು ಇಲ್ಲಿಗೆ ಬರುತ್ತಿದೆ. ಕೆರೆ ಕಟ್ಟಿಸಿದ ದಾನಿಯ ಹೆಸರನ್ನು ಕಲ್ಲಿನಲ್ಲಿ ಓದುವ ನಾವು, ಈ ನೀರಿನ ದಾನದ ಶಾಸನವನ್ನು ಯಾವ ಭಾಷೆಯಲ್ಲಿ ಬರೆಯಬೇಕು? ದೂರದಿಂದ ನೋಡುವ ಕಣ್ಣಿಗೆ ತುಂಬಿದ ಕೆರೆ ಚೆಂದ. ನೀರಿನವರೆಗೆ ಇಳಿದು ಮೂಸಿ ಹಿಂದಕ್ಕೆ ಬರುವ ನಾಯಿಗೆ ಇನ್ನೇನೋ ತಿಳಿದಿರುತ್ತದೆ.

ನೆನಪಿಗೆ ಗೋಡೆ ಕಟ್ಟಿದ ಜಾಗವೂ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸರ್ಕಾರಿ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುತ್ತೇವೆ. ದೂರದ ಊರಿನ ಹೆಸರು ಕೊಟ್ಟರೆ ಮಾತ್ರ ನಮ್ಮ ಸಾವಿಗೆ ತೂಕ ಬರುತ್ತದೆ ಎಂಬ ಹಾಗೆ. ಅಲ್ಲೀಗ ಸ್ಮಾರಕವಿದೆ, ವೀರಸೌಧವಿದೆ, ಅದು ಬೇಕಾದದ್ದೇ. ಪಕ್ಕದಲ್ಲೇ ವಿದುರ ನೆಟ್ಟನೆಂಬ ಅಶ್ವತ್ಥದ ಸುತ್ತ ಸಾಲುಸಾಲು ನಾಗರಕಲ್ಲುಗಳು. ಪ್ರತಿ ಕಲ್ಲೂ ಒಂದು ಮನೆಯವರು ಮಗು ಬೇಕೆಂದೋ, ದೋಷ ಕಳೆಯಲೆಂದೋ ತಂದು ನಿಲ್ಲಿಸಿದ್ದು. ಬಹುಪಾಲು ಕಲ್ಲುಗಳ ಹಿಂದಿನ ಹರಕೆ ಯಾರದೆಂದು ನೋಡುವವರಿಗೆ ತಿಳಿಯುವುದಿಲ್ಲ. ಒಂದೇ ಆವರಣದಲ್ಲಿ ಎರಡು ಬಗೆಯ ಚರಿತ್ರೆ: ದಿನಾಂಕ ಇರುವುದು, ದಿನಾಂಕ ಇಲ್ಲದ್ದು. ಮೊದಲನೆಯದರ ಬಗ್ಗೆ ನಾವು ಬರೆಯುತ್ತೇವೆ. ಎರಡನೆಯದರ ಮುಂದೆ ಕೈಮುಗಿದು ಹೊರಟುಬಿಡುತ್ತೇವೆ.

ಇಷ್ಟು ಹೇಳಿ ನಡಿಗೆಯನ್ನೇ ಹೊಗಳಿ ನಿಲ್ಲಿಸಿದರೆ ಅದು ಅರ್ಧ ವಿಮರ್ಶೆ. ಯಾರು ನಡೆಯಬಹುದು ಎಂಬ ಪ್ರಶ್ನೆ ಉಳಿಯುತ್ತದೆ. ಇಂಥ ಊರುಗಳಲ್ಲಿ ಮದುವೆಯಾಗದ ಹೆಣ್ಣೊಬ್ಬಳು ಸಂಜೆ ಆರೂವರೆಗೆ ಕಾರಣವಿಲ್ಲದೆ ಬೀದಿ ಸುತ್ತಿದರೆ ಜನ ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಎಲ್ಲಿಗಮ್ಮಾ? ಒಬ್ಬಳೇ ಯಾಕೆ? ಸ್ವಲ್ಪ ನಿಂತು ಕಲ್ಲು ನೋಡಿದರೆ, ಯಾರ ಪೈಕಿನಮ್ಮಾ ನೀನು? ಈ ಕೊನೆಯ ಪ್ರಶ್ನೆ ಕೇಳುವುದು ಜಾತಿಯನ್ನು. ಕೈಯಲ್ಲಿ ನಾಯಿಯ ಹಗ್ಗ ಇದ್ದರೆ ಇವೆಲ್ಲ ಹಿಂದೆ ಸರಿದು ಒಂದೇ ಪ್ರಶ್ನೆ ಮುಂದೆ ಬರುತ್ತದೆ: ಕಚ್ತದೇನಮ್ಮಾ? ಇಲ್ಲ ತಾತ ಎಂದರೆ ಸಾಕು, ಮಾತು ಶುರು. ಅದರ ಹೆಸರೇನು, ಏನು ಹಾಕುತ್ತೀಯ, ನಮ್ಮ ಕಾಲದಲ್ಲಿ ಒಂದು ನಾಯಿ ಇತ್ತು, ಆಗ ಇಲ್ಲಿ ಮನೆಗಳೇ ಇರಲಿಲ್ಲ, ಅಲ್ಲಿ ಬಾವಿ ಇತ್ತು. ಬಾವಿಯವರೆಗೆ ಬಂದರೆ ಚರಿತ್ರೆಗೆ ಬಂದಂತೆ. ನನಗೆ ಸಿಕ್ಕ ಎಷ್ಟೋ ಮಾಹಿತಿಗೆ ದಾರಿ ಮಾಡಿದ್ದು ವಿಶ್ವವಿದ್ಯಾಲಯದ ಗುರುತಿನ ಚೀಟಿಯಲ್ಲ, ಕೆಂಚ.

ಆದರೆ ಈ ಪರವಾನಗಿ ಎಲ್ಲರಿಗೂ ಒಂದೇ ರೀತಿ ಸಿಗುವುದಿಲ್ಲ. ಹಗ್ಗ ಹಾಕಿದ ನಾಯಿ ಇದ್ದವರಿಗೆ ಮನೆಯಿದೆ, ಬಿಡುವಿದೆ ಎಂದು ಬೀದಿ ನಂಬುತ್ತದೆ. ಹಗ್ಗವಿಲ್ಲದ ನಾಯಿಯೊಡನೆ ಸಂಜೆ ಹೊತ್ತು ಮೇಲುಬೀದಿಯಲ್ಲಿ ನಿಂತು ಕಲ್ಲು ನೋಡುವ ಕೇರಿಯ ಹುಡುಗನನ್ನು ಅದೇ ಬೀದಿ ಬೇರೆಯಾಗಿ ನೋಡುತ್ತದೆ. ಸಿದ್ಧಲಿಂಗಯ್ಯನವರ ಆತ್ಮಕಥೆಯ ಹೆಸರು ‘ಊರುಕೇರಿ’. ಆ ಎರಡು ಪದಗಳ ನಡುವಿನ ದೂರ ಈ ನಾಲ್ಕು ಊರುಗಳಲ್ಲೂ ಇದೆ. ನಾಯಿಗೆ ಆ ಗೆರೆ ತಿಳಿಯದು. ಅದು ಕೇರಿಗೆ ನುಗ್ಗುತ್ತದೆ, ಹಿಂದೆ ನಾವೂ ಹೋಗುತ್ತೇವೆ, ಅಲ್ಲಿ ನಮಗೆ ಕುರ್ಚಿ ಹಾಕುತ್ತಾರೆ. ಅಲ್ಲಿಂದ ಹೊರಟವರಿಗೆ ಊರಿನ ಜಗಲಿಯಲ್ಲಿ ಕುರ್ಚಿ ಸಿಗುತ್ತದೆಯೇ? ನಾಯಿಗುತ್ತಿಯ ಕಾಲಿನಲ್ಲಿ ನಕ್ಷೆ ಇತ್ತು ಎಂದು ನಾವು ಮೆಚ್ಚುತ್ತೇವೆ, ಆದರೆ ಆ ನಕ್ಷೆಯನ್ನು ಬರೆಯುವ ಅವಕಾಶ ಗುತ್ತಿಗೆ ಇರಲಿಲ್ಲ. ಇಂದಿನ ಗುತ್ತಿಗಳ ಮೊಮ್ಮಕ್ಕಳು ಎಂ.ಎ. ಓದುತ್ತಿದ್ದಾರೆ. ಕೇರಿಯ ಕಡೆಯಿಂದ ಊರನ್ನು ನೋಡಿ ಬರೆದ ಬೀದಿಯ ಚರಿತ್ರೆ ಬಂದಾಗ ಈ ಪ್ರಕಾರ ನಿಜಕ್ಕೂ ಬೆಳೆಯುತ್ತದೆ.

ಈ ಕೆಲಸ ಆಗದ್ದೇನಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 8ನೇ ಶತಮಾನದ, ಕಿತ್ತಯ್ಯನೆಂಬವನ ವೀರಗಲ್ಲು ಮತ್ತೆ ಬೆಳಕಿಗೆ ಬಂತು. ಅದನ್ನು ಉಳಿಸಲು ಮುಂದೆ ಬಂದವರಲ್ಲಿ ಆಸಕ್ತ ನಾಗರಿಕರೂ ಬಡಾವಣೆಯ ನಿವಾಸಿಗಳೂ ಇದ್ದರು. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ಕೈಗೆತ್ತಿಕೊಂಡಿತು. ಸ್ಕ್ಯಾನರ್ ಆಮೇಲೆ ಬರಲಿ. ಅದಕ್ಕೆ ಮೊದಲು ಕಲ್ಲು ಇನ್ನೂ ಅಲ್ಲೇ ಇದೆ ಎಂದು ಹೇಳುವ ಒಬ್ಬರು ಬೇಕು. ಚರಂಡಿ ಕೆಲಸಕ್ಕೆ ಜೆಸಿಬಿ ಬರುವ ಬೆಳಿಗ್ಗೆ ಆ ಕಲ್ಲಿನ ಎದುರು ಮನೆಯವರಿಗೆ ಅದು ಏನೆಂದು ಗೊತ್ತಿರಬೇಕು. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬಂದು ಭೋಗನಂದೀಶ್ವರ ನೋಡಿ ಹೋಗುವ ಪಾರಂಪರಿಕ ನಡಿಗೆಗಳಿಂದ ಇದು ಆಗದು. ದಿನವೂ ಅದೇ ದಾರಿಯಲ್ಲಿ ಹೋಗುವವರಿಂದ ಮಾತ್ರ ಆಗುತ್ತದೆ.

ಓದುತ್ತಿರುವ ವಿದ್ಯಾರ್ಥಿಗಳಿಗೆ ನನ್ನ ಮನವಿ ಇಷ್ಟೇ. ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ಹಂಪಿಗೆ ಹೋಗುವ ಮೊದಲು ನಿಮ್ಮ ಮನೆಯಿಂದ ಕೆರೆ ಏರಿಯವರೆಗೆ ಒಂದು ತಿಂಗಳು ನಡೆಯಿರಿ. ನಾಯಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಾಯಿಯಷ್ಟು ನಿಧಾನ ಸಾಕು. ಕಲ್ಲಿನ ಜಾಗ, ಬಾವಿಯ ಜಾಗ, ಬೀದಿಯ ಹಳೆಯ ಹೆಸರು, ಅದನ್ನು ಹೇಳಿದವರ ಭಾಷೆ, ನಾಲ್ಕನ್ನೂ ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಕೋಟೆ ಕಟ್ಟಿದವರ ಹೆಸರು ಗೆಜೆಟಿಯರಿನಲ್ಲಿ ಸುರಕ್ಷಿತವಾಗಿದೆ. ಕೋಡಿಯ ಪಕ್ಕ ಮೊದಲೇ ಇದ್ದವರ ಹೆಸರು ಕೇಳಲು ಇನ್ನು ಸ್ವಲ್ಪವೇ ಕಾಲ ಉಳಿದಿದೆ, ಹೇಳುವ ಅಜ್ಜಿಯರಿಗೆ ವಯಸ್ಸಾಗುತ್ತಿದೆ.